ದಿಲ್ಲಿಯ ಮಾಗಿಯಲ್ಲಿ ಹಿತ್ತಿಲ ಕೆಲಸ

ನಮ್ಮ ಕಡೆಯಿಂದ ದಿಲ್ಲಿಗೆ ಹೊಸದಾಗಿ ಬಂದವರು ಮೊದಲ ಚಳಿಗಾಲಕ್ಕೆ ಮಾಡಿಕೊಳ್ಳುವ ಸಿದ್ಧತೆಗಳೆಲ್ಲ ಮೈಗೆ ಸಂಬಂಧಪಟ್ಟವು. ರಜಾಯಿ ಹೊಲಿಸುತ್ತಾರೆ, ಮಕ್ಕಳಿಗೆ ಸ್ವೆಟರು ಕೊಳ್ಳುತ್ತಾರೆ, ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಶೀಸೆಯನ್ನು ಬೆಳಗಾಗುತ್ತಲೇ ಬಿಸಿಲಿಗಿಡುವ ಅಭ್ಯಾಸವನ್ನು ಕಲಿಯುತ್ತಾರೆ. ಹಿತ್ತಿಲಿನ ಗಿಡಮರಗಳಿಗೂ ಈ ಚಳಿಯ ಒಂದು ಕಾನೂನು ಉಂಟೆಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ಊರಿನಿಂದ ಜೋಪಾನವಾಗಿ ತಂದು ನೆಟ್ಟ ಕರಿಬೇವು ಜನವರಿಯ ಹೊತ್ತಿಗೆ ಎಲೆ ಉದುರಿಸಿ ಕಡ್ಡಿಯಾಗಿ ನಿಂತಾಗ, ‘ಅಯ್ಯೋ, ಗಿಡ ಹೋಯಿತು’ ಎಂದು ಕಿತ್ತೆಸೆದವರು ನಮ್ಮ ಬಾಂಧವರಲ್ಲಿ ಎಷ್ಟು ಮಂದಿಯೋ! ಗಿಡ ಹೋಗಿರಲಿಲ್ಲ, ಮಲಗಿತ್ತು. ಮಾರ್ಚಿಯವರೆಗೆ ತಾಳಿಕೊಂಡಿದ್ದರೆ ತಾನಾಗಿಯೇ ಚಿಗುರುತ್ತಿತ್ತು.

ನಮ್ಮ ನಾಡಿನಲ್ಲಿ ಮಾಗಿಯೆಂದರೆ ಹಿತವಾದ ಕಾಲ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ೧೫ ಡಿಗ್ರಿಯ ಆಸುಪಾಸಿಗೆ ಇಳಿಯಿತೆಂದರೆ ಮಫ್ಲರುಗಳು ಹೊರಬರುತ್ತವೆ. ದಿಲ್ಲಿಯಲ್ಲಿ ಆ ತಿಂಗಳ ರಾತ್ರಿಯ ಸರಾಸರಿಯೇ ಏಳೆಂಟು ಡಿಗ್ರಿ. ಕೆಲವು ರಾತ್ರಿಗಳಲ್ಲಿ ಮೂರು ನಾಲ್ಕಕ್ಕೂ ಇಳಿಯುವುದುಂಟು. ಊರಿನ ಹಿತ್ತಿಲಿನಲ್ಲಿ ಹಣ್ಣಿನ ಗಿಡಗಳಿಗೆ ಚಳಿಯ ನಿದ್ದೆ ಇಲ್ಲವೆಂದೇ ಹೇಳಬಹುದು. ಇಲ್ಲಿ ಅವು ಮಲಗುತ್ತವೆ, ಮಲಗಲೇಬೇಕು. ಆದರೆ ಅದೇ ಚಳಿಯಲ್ಲಿ ಸೊಪ್ಪು, ಗೆಡ್ಡೆ, ಕೋಸುಗಳು ಬೇರೆ ಯಾವ ಕಾಲದಲ್ಲೂ ಬೆಳೆಯದಷ್ಟು ಸೊಗಸಾಗಿ ಬೆಳೆಯುತ್ತವೆ. ಆದುದರಿಂದ ದಿಲ್ಲಿಯ ಮಾಗಿಯಲ್ಲಿ ಹಿತ್ತಿಲ ಕೆಲಸ ಎರಡು ಬಗೆ. ಮಲಗಿದ ಮರಗಳ ಆರೈಕೆ ಒಂದು. ಎಚ್ಚರವಿರುವ ಮಡಿಗಳ ಸಾಗುವಳಿ ಇನ್ನೊಂದು. ಮಡಿಯ ಫಲ ಮುಂದಿನ ತಿಂಗಳ ಸಾರಿಗೆ. ಮರದ ಫಲ ಮುಂದಿನ ವರ್ಷಕ್ಕೆ, ಅಥವಾ ನಮ್ಮ ಮುಂದಿನವರಿಗೆ.

ನಾವು ಸರಕಾರಿ ಕಚೇರಿಯಲ್ಲಿ ಕಡತ ಹೊರಳಿಸುವ ಗುಮಾಸ್ತರು. ತೋಟಗಾರಿಕೆಯಲ್ಲಿ ಪದವಿ ಪಡೆದವರಲ್ಲ. ನೆರೆಹೊರೆಯ ಮಾಲಿಗಳಿಂದ ಕೇಳಿದ್ದು, ಪೂಸಾ ಸಂಸ್ಥೆಯ ಮೇಳದಲ್ಲಿ ವಿಚಾರಿಸಿದ್ದು, ಹಿತ್ತಿಲಿನಲ್ಲಿ ಕೈಯಾರೆ ಮಾಡಿದ್ದು ಇಷ್ಟೇ ನಮ್ಮ ಬಂಡವಾಳ. ಪೂಸಾ ಎಂಬುದು ಬಿಹಾರದ ಒಂದು ಊರು. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ೧೯೦೫ರಲ್ಲಿ ಹುಟ್ಟಿದ್ದು ಅಲ್ಲಿ. ೧೯೩೪ರ ಭೂಕಂಪದಲ್ಲಿ ಅದರ ಕಟ್ಟಡ ಹಾಳಾಗಲು, ೧೯೩೬ರಲ್ಲಿ ಸಂಸ್ಥೆ ದಿಲ್ಲಿಗೆ ಬಂತು. ವರ್ಗವಾಗಿ ಬಂದರೂ ಊರಿನ ಹೆಸರನ್ನು ಮಾತ್ರ ಬಿಡಲಿಲ್ಲ. ಈ ಒಂದು ಕಾರಣಕ್ಕಾದರೂ ಅದು ನಮ್ಮಂಥವರಿಗೆ ನೆಂಟನಾಗಬೇಕು! ಸಾಮಾನ್ಯವಾಗಿ ಫೆಬ್ರವರಿ–ಮಾರ್ಚಿಯಲ್ಲಿ ಅಲ್ಲಿ ನಡೆಯುವ ಕೃಷಿ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ದಿನದ ವಿಹಾರವೂ ಆಯಿತು, ಒಳ್ಳೆಯ ಬೀಜವೂ ದೊರೆಯಿತು.

ಮಲಗಿದವರು ಯಾರು, ತೂಕಡಿಸುವವರು ಯಾರು?

ಮೊದಲು ಹಿತ್ತಿಲಿನಲ್ಲಿ ಒಂದು ಸುತ್ತು ಹಾಕಿ ಯಾವ ಗಿಡದ ಸ್ಥಿತಿ ಏನೆಂದು ನೋಡಿಕೊಳ್ಳಬೇಕು. ದ್ರಾಕ್ಷಿ, ಅಂಜೂರ, ದಾಳಿಂಬೆ, ಹಿಪ್ಪುನೇರಳೆ, ಇಲ್ಲಿಯವರು ಆಡೂ ಎನ್ನುವ ಪೀಚು ಇವೆಲ್ಲ ಎಲೆಯುದುರಿಸಿ ಗಾಢವಾಗಿ ಮಲಗುವ ಜಾತಿ. ಮಾವು, ನಿಂಬೆ, ಸೀಬೆ (ಧಾರವಾಡದ ಕಡೆಯವರ ಪೇರಲ) ಎಲೆಯನ್ನು ಉಳಿಸಿಕೊಂಡೇ ತೂಕಡಿಸುತ್ತವೆ. ಪಪ್ಪಾಯಿ ಮತ್ತು ಬಾಳೆ ಮಾತ್ರ ಪಾಪ, ನಿದ್ದೆಯೂ ಬಾರದೆ ಎಚ್ಚರವೂ ಇರಲಾರದೆ ನಡುಗುವ ಜಾತಿ. ಮಲಗಿದವರಿಗೆ ಕತ್ತರಿ, ತೂಕಡಿಸುವವರಿಗೆ ಗೊಬ್ಬರ, ನಡುಗುವವರಿಗೆ ಹೊದಿಕೆ: ಇಷ್ಟನ್ನು ನೆನಪಿಟ್ಟರೆ ಮಾಗಿಯ ಕೆಲಸದ ಮುಕ್ಕಾಲು ಪಾಲು ತಿಳಿದಂತೆಯೇ.

ಕತ್ತರಿಯ ಕೆಲಸ

ಹೂವಿನ ಗಿಡವನ್ನು ಮಾಲಿ ಸವರಿದರೆ ಸುಮ್ಮನಿರುವ ನಮ್ಮ ಗೃಹಿಣಿಯರು ಹಣ್ಣಿನ ಗಿಡಕ್ಕೆ ಕತ್ತರಿ ತಾಗಿಸಲು ಬಿಡುವುದಿಲ್ಲ. ‘ಕಾಯಿ ಬಿಡುವ ರೆಂಬೆಯನ್ನು ಕಡಿಯುತ್ತಾರೆಯೇ?’ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಎಲೆಯುದುರಿಸುವ ಗಿಡಗಳಲ್ಲಿ ಮಾಗಿಯ ಕತ್ತರಿಯೇ ಮುಂದಿನ ಕಾಯಿಗೆ ತಾಯಿ.

ದ್ರಾಕ್ಷಿಯನ್ನೇ ನೋಡಿ. ವಿಜಯಪುರ, ನಾಸಿಕಗಳ ಕಡೆಯಲ್ಲಿ ಅದಕ್ಕೆ ವರ್ಷಕ್ಕೆ ಎರಡು ಸಾರಿ ಕತ್ತರಿ; ಏಪ್ರಿಲಿನ ಸುಮಾರಿಗೆ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಒಮ್ಮೆ. ಅಲ್ಲಿ ಬಳ್ಳಿಗೆ ನಿದ್ದೆಯಿಲ್ಲ. ಮನುಷ್ಯನೇ ಅದರ ಕಾಲವನ್ನು ಗೊತ್ತುಮಾಡಬೇಕು. ದಿಲ್ಲಿಯಲ್ಲಿ ಚಳಿಯೇ ಆ ಕೆಲಸ ಮಾಡುವುದರಿಂದ ಒಂದೇ ಕತ್ತರಿ, ಅದೂ ಜನವರಿಯಲ್ಲಿ. ಕಳೆದ ವರ್ಷದ ಕಡ್ಡಿಗಳನ್ನು ಬುಡದಲ್ಲಿ ಮೂರು ನಾಲ್ಕು ಕಣ್ಣು ಉಳಿಸಿ ಸವರುವುದು ಇಲ್ಲಿ ಸಾಮಾನ್ಯವಾಗಿ ಬೆಳೆಸುವ ಪರ್ಲೆಟ್ ಎಂಬ ಜಾತಿಗೆ ಸರಿಹೋಗುತ್ತದೆ. ಹೊಸ ಚಿಗುರು ಅಲ್ಲಿಂದ ಹೊರಟು ಗೊಂಚಲು ಹೊರುತ್ತದೆ. ಇದನ್ನು ಫೆಬ್ರವರಿಯ ಕೊನೆಗೆ ತಳ್ಳಿದರೆ ರಸ ಮೇಲೇರಿರುತ್ತದೆ. ಕತ್ತರಿಸಿದ ಕಡೆಗಳಿಂದ ನಲ್ಲಿಯ ಹಾಗೆ ನೀರು ತೊಟ್ಟಿಕ್ಕುತ್ತದೆ. ಸವರಿದ ಕಡ್ಡಿಗಳನ್ನು ಎಸೆಯಬೇಡಿ. ಪೆನ್ಸಿಲಿನಷ್ಟು ದಪ್ಪದ್ದನ್ನು ಆರಿಸಿ, ಮೂರು ನಾಲ್ಕು ಕಣ್ಣಿನ ತುಂಡುಮಾಡಿ, ಎರಡು ಕಣ್ಣು ಮಣ್ಣೊಳಗಿರುವಂತೆ ಊರಿದರೆ ಬೇರು ಬಿಡುತ್ತವೆ. ಅಂಜೂರ, ದಾಳಿಂಬೆಗಳನ್ನೂ ಹೀಗೆಯೇ ಕಡ್ಡಿಯಿಂದ ಬೆಳೆಸಬಹುದು. ಈ ಕಡ್ಡಿಗಳ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಪೀಚಿನ ಗಿಡ ಹೋದ ವರ್ಷ ಬೆಳೆದ ರೆಂಬೆಗಳ ಮೇಲೆ ಹೂ ಬಿಡುತ್ತದೆ. ಆದುದರಿಂದ ಅವನ್ನು ಪೂರ್ತಿ ತೆಗೆಯದೆ, ಒತ್ತಾಗಿರುವಲ್ಲಿ ಬಿಡಿಸಿ, ಉಳಿದವನ್ನು ಮೂರರಲ್ಲೊಂದು ಪಾಲು ಮೊಟಕುಮಾಡಬೇಕು. ದಾಳಿಂಬೆಯ ಬುಡದಲ್ಲಿ ಏಳುವ ಮರಿಗಳನ್ನು ತೆಗೆದು ಮೂರು ನಾಲ್ಕು ಕಾಂಡಗಳನ್ನಷ್ಟೇ ಉಳಿಸುವುದು ಲೇಸು. ನಿಂಬೆಗೆ ಕತ್ತರಿ ಬಹಳ ಬೇಡ. ಒಣಗಿದ್ದು, ರೋಗದ ಕಲೆ ಹತ್ತಿದ್ದು, ಕಸಿಯ ಗಂಟಿನ ಕೆಳಗಿನಿಂದ ಮುಳ್ಳುಮುಳ್ಳಾಗಿ ನೆಟ್ಟಗೆ ಏಳುವ ಕಳ್ಳ ರೆಂಬೆಗಳು ಇಷ್ಟನ್ನು ತೆಗೆದರೆ ಸಾಕು. ಸೀಬೆಯ ಮಾಗಿಯ ಫಸಲು ಮುಗಿದ ಮೇಲೆ ಒಂದನ್ನೊಂದು ಉಜ್ಜುವ ರೆಂಬೆಗಳನ್ನು ಬಿಡಿಸಿ, ನಡುವೆ ಬೆಳಕು ಬೀಳುವಂತೆ ಮಾಡಿದರೆ ಆಯಿತು.

ಎರಡು ಗಿಡಗಳ ತಂಟೆಗೆ ಈಗ ಹೋಗಬಾರದು. ಮಾವು ಹೂವಿಗೆ ಸಿದ್ಧವಾಗುತ್ತಿರುವುದರಿಂದ ಅದನ್ನು ಸವರಿದರೆ ಹೂವನ್ನೇ ಸವರಿದಂತೆ. ಎಲಚಿಯ ಹಣ್ಣು ಮಾಗುವುದೇ ಫೆಬ್ರವರಿ–ಮಾರ್ಚಿಯಲ್ಲಿ. ಅದಕ್ಕೆ ಕತ್ತರಿ ಹಿಡಿಯುವುದು ಸುಡುಬಿಸಿಲಿನ ಮೇ ತಿಂಗಳಲ್ಲಿ. ಅದು ಬೇಸಗೆಯಲ್ಲಿ ಮಲಗುವ ಗಿಡ.

ಕತ್ತರಿಸುವ ಕ್ರಮ ಕಷ್ಟದ್ದಲ್ಲ. ಕತ್ತರಿ ಹರಿತವಾಗಿರಬೇಕು, ಕಣ್ಣಿನಿಂದ ಬೆರಳಿನಗಲ ಮೇಲೆ ಓರೆಯಾಗಿ ಕತ್ತರಿಸಬೇಕು, ಸಿಪ್ಪೆ ಸಿಗಿಯಬಾರದು. ದಪ್ಪ ಗಾಯಕ್ಕೆ ಮೈಲುತುತ್ತ ಮತ್ತು ಸುಣ್ಣದಿಂದ ಮಾಡಿದ ಬೋರ್ಡೋ ಸರಿಯನ್ನು ಬಳಿಯಬೇಕು. ನಮ್ಮ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಔಷಧಿಯ ದಾಯಾದಿಯೇ ಇದು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು ಅಡಕೆ ತೋಟಗಳಿಗೆ ಅದನ್ನು ರೂಢಿಗೆ ತಂದರು.

ಕಾನೂನಿನ ಒಂದು ಮಾತು ಇಲ್ಲಿ ಹೇಳಲೇಬೇಕು. ಗುಮಾಸ್ತರು ಬರೆದ ಲೇಖನದಲ್ಲಿ ಅದಿಲ್ಲದಿದ್ದರೆ ಹೇಗೆ? ದಿಲ್ಲಿಯಲ್ಲಿ ೧೯೯೪ರ ಮರಗಳ ಸಂರಕ್ಷಣಾ ಕಾಯಿದೆ ಜಾರಿಯಲ್ಲಿದೆ. ನೆಲದಿಂದ ೩೦ ಸೆಂಟಿಮೀಟರ್ ಮೇಲೆ ಕಾಂಡದ ದಪ್ಪ ೫ ಸೆಂಟಿಮೀಟರಿಗೆ ಕಡಿಮೆಯಿಲ್ಲದೆ, ಎತ್ತರ ಒಂದು ಮೀಟರಿಗೆ ಕಡಿಮೆಯಿಲ್ಲದೆ ಇದ್ದರೆ ಕಾಯಿದೆಯ ಕಣ್ಣಿಗೆ ಅದು ‘ಮರ’. ಕೇಂದ್ರ ಸರಕಾರದ ವಸತಿಗಳಲ್ಲಾದರೆ ಮರಗಳ ಉಸ್ತುವಾರಿ ಕೇಂದ್ರ ಲೋಕೋಪಯೋಗಿ ಇಲಾಖೆಯ ತೋಟಗಾರಿಕಾ ವಿಭಾಗದ್ದು. ಆದುದರಿಂದ ಬಳ್ಳಿ, ಪೊದೆ, ಎಳೆಯ ಗಿಡಗಳನ್ನು ದಾಟಿ ಮರವೆನಿಸಿಕೊಂಡವುಗಳ ಕೊಂಬೆಗೆ ಕೈಹಾಕುವ ಮೊದಲು ವಿಚಾರಿಸಿ, ಅನುಮತಿ ಪಡೆದೇ ಮುಂದುವರಿಯಿರಿ. ಸವರಿದ ಸೊಪ್ಪುಸದೆಯನ್ನು, ಉದುರಿದ ಎಲೆಯನ್ನು ಸುಡುವುದಕ್ಕೂ ಇಲ್ಲಿ ನಿಷೇಧವಿದೆ. ಮಾಗಿಯ ದಿಲ್ಲಿಯ ಗಾಳಿಯನ್ನು ಉಸಿರಾಡುವ ಯಾರಿಗೂ ಅದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲೆಯಲ್ಲಿ ಒಂದು ಗುಂಡಿ ತೋಡಿ ಎಲೆಯನ್ನೆಲ್ಲ ಅದಕ್ಕೆ ಹಾಕಿ, ಮೇಲೆ ಮಣ್ಣು ಮುಚ್ಚಿ, ಆಗಾಗ್ಗೆ ನೀರು ಚಿಮುಕಿಸಿದರೆ ಬರುವ ವರ್ಷದ ಮಡಿಗೆ ಗೊಬ್ಬರವಾಯಿತು.

ಗೊಬ್ಬರ, ಪಟ್ಟಿ, ಹೊದಿಕೆ

ಡಿಸೆಂಬರಿನ ಕೊನೆಯಲ್ಲಿ ನಿಂಬೆ, ಮಾವುಗಳ ಬುಡವನ್ನು ರೆಂಬೆ ಹರಡಿದಷ್ಟು ಅಗಲಕ್ಕೆ ಖುರ್ಪಿಯಿಂದ ಹಗುರವಾಗಿ ಕೆದಕಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಬೇಕು. ಎಳೆಯ ಗಿಡಕ್ಕೆ ವಯಸ್ಸಿಗೊಂದು ಬುಟ್ಟಿಯೆಂಬ ಲೆಕ್ಕ ಸುಲಭ. ಗೊಬ್ಬರ ಕಾಂಡಕ್ಕೆ ತಾಗದಂತೆ ಒಂದಡಿ ದೂರವಿರಲಿ. ಉಣ್ಣುವ ಬೇರುಗಳಿರುವುದು ಅಂಚಿನಲ್ಲಿ. ಊರಿನಲ್ಲಿ ಹೊಂಗೆ ಹಿಂಡಿ ಬಳಸಿ ರೂಢಿಯಾದವರಿಗೆ ಇಲ್ಲಿ ಬೇವಿನ ಹಿಂಡಿ, ಸಾಸಿವೆ ಹಿಂಡಿ ಸುಲಭವಾಗಿ ಸಿಗುತ್ತವೆ.

ನೀರಿನ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಫಲ ಬಿಡುವ ವಯಸ್ಸಿನ ಮಾವಿಗೆ ಹೂವಿನ ಮೊದಲು ಎರಡು ಮೂರು ತಿಂಗಳು ನೀರು ಕೊಡದಿರುವುದೇ ಉಪಚಾರ; ಮಿಡಿ ಬಟಾಣಿಯಷ್ಟಾದ ಮೇಲೆ ಧಾರಾಳವಾಗಿ ಕೊಡಬಹುದು. ಸೀಬೆಯಲ್ಲಿ ಒಂದು ಸ್ವಾರಸ್ಯವಿದೆ. ಅದು ಮಳೆಗಾಲದಲ್ಲೊಂದು, ಮಾಗಿಯಲ್ಲೊಂದು ಫಸಲು ಕೊಡುತ್ತದೆ. ಮಳೆಗಾಲದ ಹಣ್ಣು ನೀರು ನೀರಾಗಿ, ಬಹಳ ವೇಳೆ ಒಳಗೆ ಹುಳುವಿರುತ್ತದೆ. ಮಾಗಿಯದು ಗಟ್ಟಿ, ಸಿಹಿ. ಫೆಬ್ರವರಿಯಿಂದ ಮೇ ನಡುವಿನವರೆಗೆ ನೀರನ್ನು ತಡೆದರೆ ಬೇಸಗೆಯ ಹೂ ಉದುರಿ ಮಳೆಗಾಲದ ಫಸಲು ತಗ್ಗುತ್ತದೆ. ಮರ ತನ್ನ ಶಕ್ತಿಯನ್ನೆಲ್ಲ ಮಾಗಿಯ ಫಸಲಿಗೆ ಕೂಡಿಡುತ್ತದೆ.

ಮಾವಿನ ಮರವಿರುವ ವಸತಿಗಳಲ್ಲಿ ಡಿಸೆಂಬರಿನ ಕೊನೆಗೆ ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿರುವುದನ್ನು ನೀವು ನೋಡಿರಬಹುದು. ಮಕ್ಕಳು ಅದನ್ನು ಕಿತ್ತು ಆಟವಾಡುತ್ತಾರೆ. ಅದು ಅಲಂಕಾರವಲ್ಲ, ಕಾವಲು. ಹಿಟ್ಟುತಿಗಣೆಯೆಂಬ ಕೀಟ ಬೇಸಗೆಯಲ್ಲಿ ಮರದ ಬುಡದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಡಿಸೆಂಬರ್–ಜನವರಿಯಲ್ಲಿ ಮರಿಗಳು ಹೊರಬಂದು, ಸಾಲುಗಟ್ಟಿ ಕಾಂಡವನ್ನೇರಿ, ಎಳೆಯ ಚಿಗುರಿನ ಮತ್ತು ಹೂಗೊಂಚಲಿನ ರಸ ಹೀರುತ್ತವೆ. ನೆಲದಿಂದ ಒಂದಡಿ ಮೇಲೆ, ೨೫–೩೦ ಸೆಂಟಿಮೀಟರ್ ಅಗಲದ ದಪ್ಪ ಪಾಲಿಥೀನ್ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಸಂದುಗಳನ್ನು ಮಣ್ಣಿನಿಂದ ಮೆತ್ತಿ, ಕೆಳ ಅಂಚಿಗೆ ಗ್ರೀಸು ಸವರಿದರೆ ಅವಕ್ಕೆ ಮೇಲೇರಲು ಕಾಲು ನಿಲ್ಲುವುದಿಲ್ಲ. ಔಷಧಿಯಿಲ್ಲ, ವಿಷವಿಲ್ಲ; ಅರ್ಧ ಗಂಟೆಯ ಕೆಲಸ. ಆದರೆ ಮರಿಗಳು ಮೇಲೇರಿದ ಮೇಲೆ ಕಟ್ಟಿದರೆ ಕಳ್ಳ ಒಳಹೊಕ್ಕ ಮೇಲೆ ಬಾಗಿಲು ಹಾಕಿದ ಹಾಗೆ.

ಇನ್ನು ನಡುಗುವವರು. ಪಪ್ಪಾಯಿಯ ಸಸಿಗೆ, ಮೂರು ನಾಲ್ಕು ವರ್ಷದೊಳಗಿನ ಮಾವಿನ ಗಿಡಕ್ಕೆ ಹುಲ್ಲಿನದೋ ಜೋಳದ ದಂಟಿನದೋ ಚಿಕ್ಕ ಗುಡಿಸಲು ಕಟ್ಟಿ, ಬೆಳಗಿನ ಬಿಸಿಲು ಬೀಳುವಂತೆ ಆಗ್ನೇಯದ ಕಡೆ ತೆರೆದಿಡಬೇಕು. ಆಕಾಶ ನಿರ್ಮಲವಾಗಿ, ಗಾಳಿ ಪೂರ್ತಿ ನಿಂತ ರಾತ್ರಿಗಳೇ ಅಪಾಯದವು. ಇಬ್ಬನಿ ಎಲೆಯ ಮೇಲೆಯೇ ಹೆಪ್ಪುಗಟ್ಟುವುದುಂಟು. ಇಲ್ಲಿಯವರು ಅದಕ್ಕೆ ಪಾಲಾ ಎನ್ನುತ್ತಾರೆ. ಅಂಥ ಸಂಜೆ ಬುಡಕ್ಕೆ ಹಗುರವಾಗಿ ನೀರು ಹಾಯಿಸಿದರೆ ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಬಾಳೆಯ ಒಣಗಿದ ಎಲೆಗಳನ್ನು ನೋಟಕ್ಕೆ ಚೆನ್ನಿಲ್ಲವೆಂದು ಕತ್ತರಿಸಬೇಡಿ. ಆ ಒಣ ಎಲೆಗಳೇ ಅದರ ಶಾಲು. ಫೆಬ್ರವರಿ ಕಳೆದ ಮೇಲೆ ತೆಗೆದರಾಯಿತು. ಕರಿಬೇವಿಗೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ ತುಸು ನೀರು. ಗೊಬ್ಬರವಂತೂ ಬೇಡವೇ ಬೇಡ. ಮಲಗಿದವರಿಗೆ ಯಾರೂ ಊಟ ಬಡಿಸುವುದಿಲ್ಲ.

ಹೊಸ ಗಿಡ ನೆಡಬೇಕೆನ್ನುವವರು ಎಲೆಯುದುರಿಸುವ ಜಾತಿಗಳನ್ನು ಜನವರಿಯಲ್ಲೇ ನೆಡಬೇಕು. ಮಲಗಿದ್ದಾಗ ಎತ್ತಿ ತಂದರೆ ಅವಕ್ಕೆ ತಿಳಿಯುವುದೇ ಇಲ್ಲ. ಮಾವು, ನಿಂಬೆ, ಸೀಬೆಗಳಿಗೆ ಈಗ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಚಳಿ ಕಳೆದ ಮೇಲೆ ಅಥವಾ ಮಳೆಗಾಲದಲ್ಲಿ ನೆಡಬಹುದು. ಚಿಕ್ಕ ಹಿತ್ತಿಲಿಗೆ ಒಂದೇ ಮಾವೆಂದರೆ ಆಮ್ರಪಾಲಿಯನ್ನು ಹೇಳಬಹುದು. ಅದು ಗಿಡ್ಡ ಜಾತಿ. ೧೯೭೦ರ ದಶಕದಲ್ಲಿ ಪೂಸಾದವರು ಉತ್ತರದ ದಶೆಹರಿಗೂ ದಕ್ಷಿಣದ ನೀಲಂಗೂ ಬೀಗತನ ಬೆಳೆಸಿ ಪಡೆದ ಕೂಸು ಇದು. ಅದೇ ಎರಡು ಮನೆತನಗಳ ಇನ್ನೊಂದು ಕೂಸು, ನಮ್ಮ ಕರ್ನಾಟಕದಲ್ಲಿಯೂ ಮನೆಮಾತಾಗಿರುವ ಮಲ್ಲಿಕಾ.

ಹೊಸ ಮಡಿ

ಮರದ ಕೆಲಸ ಮುಗಿಯಿತೆಂದರೆ ಕೈ ನೇರವಾಗಿ ಮಡಿಗೆ ಬರಬೇಕು. ಹೊಸದಾಗಿ ಕೈತೋಟ ಹೂಡುವವರಿಗೆ ಮಾಗಿಗಿಂತ ಒಳ್ಳೆಯ ಕಾಲವಿಲ್ಲ. ನಮ್ಮ ರೈತರು ಮಾಗಿ ಉಳುಮೆಯನ್ನು ಸುಮ್ಮನೆ ಹೊಗಳಿದವರಲ್ಲ. ಮಣ್ಣನ್ನು ತಿರುವಿಹಾಕಿ ಚಳಿಗೂ ಬಿಸಿಲಿಗೂ ಒಡ್ಡಿದರೆ ಕಳೆ, ಹುಳು, ಮೊಟ್ಟೆಗಳು ನಾಶವಾಗುತ್ತವೆ. ಅಲ್ಲದೆ ವಾರದಲ್ಲಿ ಎರಡು ದಿನ ಬಿಡುವಿರುವ ನಮ್ಮಂಥವರಿಗೆ, ಡಿಸೆಂಬರಿನ ಎಳೆಬಿಸಿಲಿಗೆ ಬೆನ್ನೊಡ್ಡಿ ಅಗೆಯುವುದೆಂದರೆ ಕೆಲಸವಲ್ಲ, ಚಿಕಿತ್ಸೆ.

ಮೊದಲ ಪ್ರಶ್ನೆ ಬಿಸಿಲಿನದು. ಊರಿನಲ್ಲಿ ನಾವು ನೆರಳನ್ನು ಹುಡುಕುತ್ತೇವೆ. ಇಲ್ಲಿ ಮಾಗಿಯಲ್ಲಿ ಬಿಸಿಲನ್ನು ಹುಡುಕಬೇಕು. ಡಿಸೆಂಬರಿನ ಕೊನೆಯಲ್ಲಿ ದಿಲ್ಲಿಯ ಸೂರ್ಯ ನಡುಹಗಲಿನಲ್ಲೂ ದಿಗಂತದಿಂದ ಸುಮಾರು ೩೮ ಡಿಗ್ರಿಯಷ್ಟೇ ಏರುತ್ತಾನೆ. ಹತ್ತಡಿ ಗೋಡೆಯ ಮಧ್ಯಾಹ್ನದ ನೆರಳು ಬೆಂಗಳೂರಿನಲ್ಲಿ ಏಳೂವರೆ ಅಡಿಯಾದರೆ ಇಲ್ಲಿ ಹದಿಮೂರು ಅಡಿಗೆ ಹತ್ತಿರ. ಆದುದರಿಂದ ಅಕ್ಟೋಬರಿನಲ್ಲಿ ಬಿಸಿಲಿದ್ದ ಜಾಗ ಡಿಸೆಂಬರಿನಲ್ಲಿ ನೆರಳಾಗಿರಬಹುದು. ಒಂದು ರಜೆಯ ದಿನ ಬೆಳಗ್ಗೆ ಹತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ ಹೀಗೆ ಮೂರು ಬಾರಿ ಹೋಗಿ ನೆರಳಿನ ಅಂಚಿಗೆ ಗೂಟ ಹೊಡೆದು ನೋಡಿ. ಐದಾರು ಗಂಟೆ ಬಿಸಿಲು ಬೀಳುವ ಕಡೆಯೇ ಮಡಿ.

ಕ್ವಾರ್ಟರ್ಸಿನ ಹಿತ್ತಿಲನ್ನು ಅಗೆದರೆ ಮೊದಲು ಸಿಗುವುದು ಮಣ್ಣಲ್ಲ. ಇಟ್ಟಿಗೆ ಚೂರು, ಗಾರೆ, ಹಿಂದಿನವರ ಮಕ್ಕಳ ಗೋಲಿ. ಒಂದೂವರೆ ಅಡಿ ಆಳಕ್ಕೆ ಅಗೆದು, ಇವನ್ನೆಲ್ಲ ಆರಿಸಿ, ಒಂದು ವಾರ ಬಿಸಿಲಿಗೆ ಬಿಟ್ಟು, ಆಮೇಲೆ ಗೊಬ್ಬರ ಬೆರೆಸಬೇಕು. ನಾಲ್ಕಡಿ ಅಗಲ, ಹತ್ತಡಿ ಉದ್ದದ ಮಡಿಗೆ ಎರಡು ಮೂರು ಬುಟ್ಟಿ ಗೊಬ್ಬರ ಸಾಕು. ಅಗಲ ನಾಲ್ಕಡಿ ಮೀರಬಾರದು. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿಗೆ ಎಟುಕಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರಬಾರದು.

ಏನು ಬಿತ್ತಬೇಕು? ಇಲ್ಲಿಯೇ ನಮ್ಮವರು ಎಡವುವುದು. ಊರಿನಿಂದ ಬರುವಾಗ ಅಮ್ಮನೋ ಅತ್ತೆಯೋ ಕಾಗದದಲ್ಲಿ ಕಟ್ಟಿಕೊಟ್ಟ ಹರಿವೆ, ಬೆಂಡೆ, ಹೀರೆ, ಮಂಗಳೂರು ಸೌತೆಯ ಬೀಜಗಳನ್ನು ಬಂದ ವಾರದಲ್ಲೇ ಮಣ್ಣಿಗೆ ಹಾಕುತ್ತಾರೆ. ಡಿಸೆಂಬರಿನ ತಣ್ಣನೆಯ ಮಣ್ಣಿನಲ್ಲಿ ಅವು ಮೊಳೆಯುವುದಿಲ್ಲ, ಮೊಳೆತರೂ ಏಳುವುದಿಲ್ಲ. ‘ದಿಲ್ಲಿಯ ಮಣ್ಣು ನಮಗೆ ಆಗಿಬರುವುದಿಲ್ಲ’ ಎಂಬ ತೀರ್ಮಾನವಾಗುತ್ತದೆ. ತಪ್ಪು ಮಣ್ಣಿನದೂ ಅಲ್ಲ, ಬೀಜದ್ದೂ ಅಲ್ಲ. ಬೀಜ ಊರಿನದಿರಲಿ, ಪಂಚಾಂಗ ಮಾತ್ರ ಈ ಊರಿನದಿರಬೇಕು. ಆ ಪಂಚಾಂಗ ಹೀಗಿದೆ:

ಡಿಸೆಂಬರಿನಲ್ಲಿ ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿಗಳನ್ನು ಬಿತ್ತಬಹುದು. ಚಳಿಯಲ್ಲಿ ಮೊಳಕೆ ನಿಧಾನ. ಕೊತ್ತಂಬರಿ ಎರಡು ಮೂರು ವಾರ ತೆಗೆದುಕೊಳ್ಳುವುದೂ ಉಂಟು. ಕಾಳನ್ನು ಎರಡು ಹೋಳಾಗುವಂತೆ ಉಜ್ಜಿ, ರಾತ್ರಿ ನೆನೆಯಿಟ್ಟು ಬಿತ್ತಿದರೆ ಬೇಗ ಏಳುತ್ತದೆ. ಮೂಲಂಗಿಯಲ್ಲಿ ಪೂಸಾ ಹಿಮಾನಿಯೆಂಬುದು 
ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಬಿತ್ತನೆಗೆಂದೇ ಇರುವ ಜಾತಿ. ನವಿಲುಕೋಸು, ಎಲೆಕೋಸಿನ ಸಸಿಗಳು ನರ್ಸರಿಗಳಲ್ಲಿ ಸಿಗುತ್ತವೆ. ತಂದು ನೆಟ್ಟರೆ ನವಿಲುಕೋಸು ಎರಡು ತಿಂಗಳೊಳಗೆ ಸಾಂಬಾರಿಗೆ ಬರುತ್ತದೆ. ಈರುಳ್ಳಿಯ ಸಸಿ ನೆಡುವ ಕಾಲ ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗೆ. ಬಟಾಣಿ, ಗಜ್ಜರಿಗಳ ಕಾಲ ಮಾತ್ರ ನವೆಂಬರಿಗೇ ಮುಗಿಯಿತೆನ್ನಬೇಕು. ಅವನ್ನು ಬರುವ ವರ್ಷದ ಟಿಪ್ಪಣಿಗೆ ಬರೆದಿಡಿ.

ಜನವರಿಯ ನಡುವಿನಲ್ಲಿ ಬೇಸಗೆಯ ತರಕಾರಿಗೆ ಪೂರ್ವಸಿದ್ಧತೆ. ಸೋರೆ, ಹೀರೆ, ಹಾಗಲ, ಸೌತೆಗಳ ಬೀಜವನ್ನು ಚಿಕ್ಕ ಪಾಲಿಥೀನ್ ಚೀಲಗಳಲ್ಲಿ ಎರಡೆರಡು ಹಾಕಿ, ಬಿಸಿಲು ಬೀಳುವ ಕಿಟಕಿಯ ಬಳಿಯಿಟ್ಟು, ರಾತ್ರಿ ಮುಚ್ಚಿ ಕಾಪಾಡಬೇಕು. ಫೆಬ್ರವರಿಯ ಕೊನೆಗೆ ಮಡಿಗೆ ಇಳಿಸಿದರೆ, ಮೇ ತಿಂಗಳ ಬಿಸಿಗಾಳಿ ಏಳುವ ಮೊದಲೇ ಕಾಯಿ ಕೈಗೆ ಬರುತ್ತದೆ. ಟೊಮೇಟೊ, ಬದನೆ, ಮೆಣಸಿನ ಸಸಿಗಳನ್ನೂ ಚಳಿ ಮುರಿದ ಮೇಲೆ, ಫೆಬ್ರವರಿಯಲ್ಲಿ ನೆಡಬೇಕು. ಬೆಂಡೆಗೆ ಫೆಬ್ರವರಿಯ ಉತ್ತರಾರ್ಧ. ಹರಿವೆ, ದಂಟುಗಳಿಗೆ ಮಾರ್ಚಿ. ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಓಡುತ್ತದೆಂಬ ನಮ್ಮ ಹಿರಿಯರ ಮಾತು ಈ ಬೀಜಗಳ ಮಟ್ಟಿಗೆ ದಿಲ್ಲಿಗೂ ಚೆನ್ನಾಗಿ ಒಪ್ಪುತ್ತದೆ.

ಅವರೆಯ ಮಾತೆತ್ತದೆ ಮಾಗಿಯ ಲೇಖನ ಮುಗಿಯುವುದುಂಟೇ? ಅವರೆಯನ್ನು ಮಾಗಿಯಲ್ಲಿ ತಿನ್ನಬೇಕಾದರೆ ಮಳೆಗಾಲದಲ್ಲೇ ಬಿತ್ತಬೇಕು. ನಾಡ ತಳಿ ಹೂವಿಗೆ ಬರುವುದು ಹಗಲು ಕುಗ್ಗಿದ ಮೇಲೆ. ಜನವರಿಯ ಕಡು ಚಳಿ ತಾಗುವ ಮೊದಲು ಸಿಕ್ಕಷ್ಟು ಲಾಭ. ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಅರ್ಕ ಜಯ್, ಅರ್ಕ ವಿಜಯ್ ಎಂಬ ಗಿಡ್ಡ ತಳಿಗಳನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಂದಿದ್ದಾರೆ. ಸೊಗಡಿನ ಪ್ರಶ್ನೆಯನ್ನು ಮಾತ್ರ ಆಯಾ ಮನೆಯ ಅಡಿಗೆಯವರೇ ಇತ್ಯರ್ಥಮಾಡಬೇಕು.

ಬಿತ್ತಿದ ಮೇಲೆ ಬೆಳಗಿನ ಹೊತ್ತು ನೀರು ಕೊಟ್ಟರೆ ಹಿತ. ಮಂಜು ಮುಸುಕಿದ ದಿನಗಳಲ್ಲಿ ವಾರಕ್ಕೊಮ್ಮೆ ಕೊಟ್ಟರೂ ಆಗುತ್ತದೆ. ಅಕ್ಕಿ, ಬೇಳೆ ತೊಳೆದ ನೀರನ್ನು ಮೋರಿಗೆ ಚೆಲ್ಲಬೇಡಿ. ಮಡಿಯಲ್ಲಿ ಕರೆಯದೆ ಬರುವ ಕಳೆಗಳಲ್ಲಿ ಇಲ್ಲಿಯವರ ಬಥುವಾ, ಅಂದರೆ ನಮ್ಮ ಚಕ್ಕೋತ ಸೊಪ್ಪೂ ಇರುತ್ತದೆ. ಅದನ್ನು ಕಿತ್ತು ಎಸೆಯದೆ ಬೇಳೆಯ ಜೊತೆಗೆ ಮಸೆದು ಸಾರು ಮಾಡಿದರೆ ಕಳೆ ತೆಗೆದ ಕೂಲಿ ಅಲ್ಲಿಯೇ ಸಂದಂತೆ. ಜನವರಿಯ ಕೊನೆಗೆ ಕೋಸಿನ ಎಲೆಯಡಿ ಸಸ್ಯಹೇನು ಕಾಣಿಸಿದರೆ ನೀರನ್ನು ರಭಸವಾಗಿ ಚಿಮುಕಿಸಿ, ಬಗ್ಗದಿದ್ದರೆ ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಸಿಂಪಡಿಸಿ. ಕೆಂಪು ಬೆನ್ನಿನ ಗುಲಗಂಜಿ ಹುಳು ಕಂಡರೆ ಅದನ್ನು ಓಡಿಸಬೇಡಿ. ಹೇನು ತಿನ್ನುವ ನೌಕರ ಅದು, ಸಂಬಳ ಕೇಳುವುದಿಲ್ಲ.

ನೋಯಿಡಾ, ಗುರುಗ್ರಾಮ, ದ್ವಾರಕಾಗಳ ಮಹಡಿ ಮನೆಗಳಲ್ಲಿರುವವರು ‘ನಮಗೆ ಹಿತ್ತಿಲೆಲ್ಲಿ?’ ಎಂದು ಈ ಪುಟವನ್ನು ಮಗುಚದಿರಲಿ. ದಕ್ಷಿಣಕ್ಕೆ ತೆರೆದ ಬಾಲ್ಕನಿ ಮಾಗಿಯಲ್ಲಿ ಹಿತ್ತಿಲಿಗಿಂತ ಬೆಚ್ಚಗಿರುತ್ತದೆ. ತಳಕ್ಕೆ ತೂತು ಕೊರೆದ ಹಳೆಯ ಬಕೆಟ್ಟಿನಲ್ಲಿ ಮೆಂತ್ಯ ತಿಂಗಳೊಪ್ಪತ್ತಿನಲ್ಲಿ ಕೊಯ್ಲಿಗೆ ಬರುತ್ತದೆ. ಒಂದೂವರೆ ಅಡಿಯ ಕುಂಡದಲ್ಲಿ ನಿಂಬೆಯೂ ಕರಿಬೇವೂ ವರ್ಷಗಟ್ಟಲೆ ಬಾಳುತ್ತವೆ.

ವರ್ಗವಾದರೆ?

ಇಷ್ಟನ್ನು ಓದಿದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕಚೇರಿಯಲ್ಲಿ ನಮ್ಮನ್ನು ಕೇಳಿದವರು ಅನೇಕರು. ‘ಮೆಂತ್ಯವಾದರೆ ಸರಿ, ತಿಂಗಳಲ್ಲಿ ತಿನ್ನುತ್ತೇವೆ. ಮರವನ್ನೇಕೆ ನೆಡಬೇಕು? ನಾಳೆ ವರ್ಗವಾದರೆ? ನಿವೃತ್ತಿಯಾದರೆ? ಬಾಡಿಗೆ ಮನೆಯ ಯಜಮಾನ ಬಿಡಿಸಿದರೆ?’

ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ದಿಲ್ಲಿಯ ಹಳೆಯ ಸರಕಾರಿ ವಸತಿಗಳಲ್ಲಿ ಎಷ್ಟೋ ಕನ್ನಡ ಸಂಸಾರಗಳು ಹಿತ್ತಿಲು ಮಾಡಿಕೊಂಡು ಬಾಳಿದವು. ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಮುಂತಾದ ಏಳು ವಸತಿಗಳನ್ನು ಹೊಸದಾಗಿ ಕಟ್ಟಲು ೨೦೧೬ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆಯಿತ್ತಿತು. ೨೦೧೮ರಲ್ಲಿ ಅಲ್ಲಿನ ಮರಗಳಿಗಾಗಿ ನಾಗರಿಕರು ಬೀದಿಗಿಳಿದರು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಮನೆಗಳು ಹಳತಾಗಿದ್ದವು, ಹೊಸವು ಬೇಕಾಗಿದ್ದವು ಎಂಬುದೂ ದಿಟವೇ. ಆದರೆ ತಾವು ನೆಟ್ಟ ಸೀಬೆ, ನುಗ್ಗೆಗಳಿದ್ದ ನೆಲದಲ್ಲಿ ಈಗ ಏನಿದೆಯೆಂದು ನೋಡಲು ಹೋಗುವ ಧೈರ್ಯವಿಲ್ಲದ ಹಿರಿಯರನ್ನು ನಾವು ಬಲ್ಲೆವು.

ಆದರೂ ನಮ್ಮ ಉತ್ತರ ನೆಡಿ ಎಂದೇ. ನಾವಿರುವ ಮನೆಯ ನಿಂಬೆಯನ್ನು ನೆಟ್ಟವರು ನಾವಲ್ಲ. ಮೊದಲಿದ್ದ ಯಾರೋ ನೌಕರರು. ಹೆಸರೂ ತಿಳಿಯದು, ಭಾಷೆಯೂ ತಿಳಿಯದು. ಅವರು ‘ನಾಳೆ ವರ್ಗವಾದರೆ?’ ಎಂದು ಸುಮ್ಮನಾಗಿದ್ದರೆ ನಮ್ಮ ಮಕ್ಕಳ ಚಿತ್ರಾನ್ನಕ್ಕೆ ಇಷ್ಟು ಹೊತ್ತಿಗೆ ಅಂಗಡಿಯ ನಿಂಬೆಯೇ ಗತಿಯಾಗುತ್ತಿತ್ತು. ಆ ಸಾಲವನ್ನು ಅವರಿಗೆ ತೀರಿಸುವಂತಿಲ್ಲ. ಮುಂದೆ ಬರುವವರಿಗೆ ತೀರಿಸಬಹುದು. ಊರಿನಲ್ಲಿ ಅಜ್ಜ ನೆಟ್ಟ ಮರದ ಹಣ್ಣನ್ನು ಮೊಮ್ಮಗ ತಿನ್ನುತ್ತಾನೆ. ಪರಊರಿನಲ್ಲಿ ಒಬ್ಬರು ನೆಟ್ಟದ್ದನ್ನು ಗುರುತಿಲ್ಲದವರು ತಿನ್ನುತ್ತಾರೆ. ವ್ಯತ್ಯಾಸ ಇಷ್ಟೇ.

ಮನೆ ಬಿಡುವಾಗ ಪಂಖ, ದೀಪ, ನಲ್ಲಿಗಳನ್ನು ಪಟ್ಟಿಮಾಡಿ ಒಪ್ಪಿಸುತ್ತೇವಲ್ಲವೆ? ಅದರ ಜೊತೆಗೆ ಇನ್ನೊಂದು ಹಾಳೆಯನ್ನೂ ಬರೆದಿಡಿ: ‘ನಿಂಬೆ ಇಂಥ ವರ್ಷ ನೆಟ್ಟದ್ದು, ಜನವರಿಯಲ್ಲಿ ಗೊಬ್ಬರ ಬೇಕು. ಕರಿಬೇವು ಚಳಿಯಲ್ಲಿ ಎಲೆಯುದುರಿಸುತ್ತದೆ, ಕೀಳಬೇಡಿ. ಮಾವಿಗೆ ಡಿಸೆಂಬರಿನಲ್ಲಿ ಪಟ್ಟಿ ಕಟ್ಟಿರಿ.’ ಬರುವವರು ಬಂಗಾಳದವರೋ ಕೇರಳದವರೋ ಆಗಿದ್ದಾರು. ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದರಾಯಿತು.

ಸಂಘದ ಸದಸ್ಯರಲ್ಲಿ ಒಂದು ಸೂಚನೆಯಿಟ್ಟು ಮುಗಿಸುತ್ತೇವೆ. ಸಂಕ್ರಾಂತಿ ಬೀಳುವುದು ಜನವರಿಯ ನಡುವಿನಲ್ಲಿ. ದ್ರಾಕ್ಷಿ, ಅಂಜೂರ, ದಾಳಿಂಬೆಗಳನ್ನು ಸವರಿದ ಕಡ್ಡಿಗಳು ಕೈಯಲ್ಲಿರುವುದೂ, ಸೋರೆ ಹೀರೆಗಳ ಬೀಜ ಚೀಲಕ್ಕೆ ಹಾಕಬೇಕಾದುದೂ ಸರಿಯಾಗಿ ಅದೇ ವಾರ. ಈ ಸಾರಿ ನಮ್ಮ ಹೆಂಗಸರು, ಮಕ್ಕಳು ಎಳ್ಳು ಬೀರಲು ಹೊರಟಾಗ ಎಳ್ಳು ಬೆಲ್ಲದ ಪೊಟ್ಟಣದ ಜೊತೆಗೆ ಇನ್ನೊಂದು ಪೊಟ್ಟಣವಿರಲಿ. ಅದರಲ್ಲಿ ಊರಿನ ಹತ್ತು ಬೀಜ. ಮೇಲೆ ಬೀಜದ ಹೆಸರು, ದಿಲ್ಲಿಯಲ್ಲಿ ಬಿತ್ತಬೇಕಾದ ತಿಂಗಳು. ಕಡ್ಡಿಯಿರುವವರು ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಕಡ್ಡಿಗಳನ್ನೂ ಕೊಡಲಿ. ಒಬ್ಬರ ಹಿತ್ತಿಲು ಹೋದರೂ ಬಳ್ಳಿ ಇನ್ನೊಬ್ಬರ ಅಂಗಳದಲ್ಲಿ ಉಳಿದಿರುತ್ತದೆ. ಒಳ್ಳೆಯ ಮಾತನಾಡುವುದರ ಜೊತೆಗೆ ಒಂದಷ್ಟು ಒಳ್ಳೆಯ ಸೊಪ್ಪು ಸದೆಯೂ ಮನೆಮನೆಗೆ ಹಬ್ಬಲಿ.